ಲಾಲಮ್ಮನ ತಂಬಿಗೆ

ವಾಡಿಯ ಮೈತ್ರಿ ಈಜು ಕಲಿತದ್ದು ನೀರು ನಿಂತ ಹಳೇ ಫರಸಿ ಕಲ್ಲಿನ ಗಣಿಯಲ್ಲಿ. ಅಲ್ಲೇ ಕಲ್ಲು ಸೀಳುತ್ತಿದ್ದ ಅಪ್ಪ ಚಂದ್ರಾಮ, ಒಂದು ಮೇ ಮಧ್ಯಾಹ್ನ ದಾರಿಯ ಮನೆಯೊಂದರ ಮುಂದೆ ನಿಂತು ನೀರು ಕೇಳಿದ್ದ. ಆ ಮನೆಯವರು ಜಾತಿ ನೋಡಿ ಬಾಗಿಲು ಹಾಕಿಕೊಂಡರು. ಅವರ ಹೆಸರು ನನಗೆ ಗೊತ್ತು. ಬರೆಯಲು ಕೈ ಬರುವುದಿಲ್ಲ. ಚಂದ್ರಾಮ ತನ್ನ ಮನೆ ತಲುಪಲಿಲ್ಲ, ಬಿಸಿಲಿಗೆ ದಾರಿಯಲ್ಲೇ ಬಿದ್ದು ಸತ್ತ. ಅಂದಿನಿಂದ ಮೈತ್ರಿಯ ಅವ್ವ ಲಾಲಮ್ಮ ಬೇಸಿಗೆಯಿಡೀ ರಸ್ತೆಯಲ್ಲಿ ನಿಂತು ಹೋಗಿಬರುವವರಿಗೆಲ್ಲ ನೀರು ಕೊಡುತ್ತಾಳೆ.

ಈ ಬೇಸಿಗೆಯ ಟ್ರಯಥ್ಲಾನ್‌ನಲ್ಲಿ ಮೈತ್ರಿ ಈಜು ಮುಗಿಸಿ, ಸೇಡಂ ದಾಟಿ ಸೈಕಲ್ ತುಳಿದು, ಚಿತ್ತಾಪುರದಿಂದ ವಾಡಿಯತ್ತ ಎಲ್ಲರಿಗಿಂತ ಮುಂದೆ ಓಡುತ್ತಿದ್ದಳು. ಸಂಘಟಕರನ್ನು ಬಿಟ್ಟು ಬೇರೆಯವರಿಂದ ನೀರು ಪಡೆದರೆ ಸ್ಪರ್ಧೆಯಿಂದ ಹೊರಗೆ. ತಿರುವಿನಲ್ಲಿ ಲಾಲಮ್ಮ ನಿಂತಿದ್ದಳು.

"ಬಿಸಲ ಭಾಳ ಅದ, ಕುಡಿಯವ್ವ."

ಮೈತ್ರಿ ನಿಂತಳು. ಎರಡೂ ಕೈಯಿಂದ ತಂಬಿಗೆ ಹಿಡಿದು, ಹನಿ ಉಳಿಸದೆ ಕುಡಿದಳು.

ಬೈಕಿನಲ್ಲಿ ಹಿಂದೆಯೇ ಬಂದ ತೀರ್ಪುಗಾರ ಕೇಳಿದ: "ನೀವು ಔಟ್ ಆದ್ರಿ. ನಿಯಮ ಗೊತ್ತಿರಲಿಲ್ಲೇನ್ರಿ?"

"ಗೊತ್ತಿತ್ರಿ. ಈ ನೀರಿಗ ಬ್ಯಾಡ ಅನ್ಲಿಕ್ಕ ಆಗಲಿಲ್ರಿ," ಎಂದು ಮೈತ್ರಿ ಮತ್ತೆ ಓಡತೊಡಗಿದಳು.

ಲಾಲಮ್ಮನಿಗೆ ಇದೊಂದೂ ತಿಳಿಯಲಿಲ್ಲ. ಅವಳು ತಂಬಿಗೆ ತುಂಬಿ ತೀರ್ಪುಗಾರನ ಮುಂದೆ ಹಿಡಿದಳು.

"ನೀವೂ ಕುಡೀರಿ, ಸಾಹೇಬ್ರ. ಬಿಸಲಾಗ ಬಂದೀರಿ."