ದೇವರ ಜಗಲಿಯ ಮೇಲಿಟ್ಟ ಗುಳಿಗೆ

ನಿವೃತ್ತಿಗೆ ಮೂರು ವರ್ಷ ಬಾಕಿ ಇದ್ದಾಗ ನಾನು ಕುಂದಗೋಳ ತಾಲ್ಲೂಕಿನಲ್ಲಿ, ಸರ್ಕಾರದ ಅನುದಾನದಿಂದ ನಡೆಯುತ್ತಿದ್ದ ಒಂದು ಅಲರ್ಜಿ ಸಂಶೋಧನಾ ಘಟಕದ ಮುಖ್ಯಸ್ಥನಾಗಿದ್ದೆ. ಮುಖ್ಯಸ್ಥ ಅಂದರೆ ಏನು ಮಹಾ! ಎರಡು ಕೋಣೆ, ಒಂದು ಫ್ರಿಜ್, ಒಬ್ಬ ತಂತ್ರಜ್ಞೆ ಮತ್ತು ನಾನು. ಕಡಲೆ ರಾಶಿಯ ದಿನಗಳಲ್ಲಿ ಹೊಟ್ಟಿನ ದೂಳಿಗೆ ಮೈಯೆಲ್ಲ ದದ್ದು ಎದ್ದು, ಕಣ್ಣು ಬಾತು ಬರುವವರು ನಮ್ಮಲ್ಲಿ ಬಹಳ. ಅವರ ಪರೀಕ್ಷೆಗೆ ಬೇಕಾದ ದ್ರಾವಣವನ್ನು ಯರಗುಪ್ಪಿ, ಕುಬಿಹಾಳದ ಕಣಗಳಿಂದ ತಂದ ಹೊಟ್ಟಿನಿಂದ ನಾವೇ ತಯಾರಿಸುತ್ತಿದ್ದೆವು. ನಮ್ಮ ಕಡೆಯ ಕಡಲೆ ಹೊಟ್ಟಿಗಾಗಿ ಯಾವ ಕಂಪನಿಯೂ ತಲೆ ಕೆಡಿಸಿಕೊಳ್ಳುವುದಿಲ್ಲ. ಸರ್ಕಾರ ಕೈಬಿಟ್ಟರೆ ಮುಗಿಯಿತು.

ಆ ವರ್ಷ ಕೈಬಿಡುವ ಮಾತೇ ಬಂತು. “ತುರಿಕೆಯಿಂದ ಯಾರು ಸಾಯ್ತಾರೆ?” ಎಂದು ಮೇಲಿನವರೊಬ್ಬರು ಫೋನಿನಲ್ಲಿ ಕೇಳಿದರು. ನನಗೆ ಮೈ ಉರಿದುಹೋಯಿತು. ಪರಿಶೀಲನಾ ಸಮಿತಿ ಬರಲಿ, ಅವರ ಕಣ್ಣೆದುರೇ ತೋರಿಸುತ್ತೇನೆ ಎಂದು ಹಟ ಹಿಡಿದೆ.

ತೋರಿಸಲು ಆರಿಸಿದ್ದು ಯರಗುಪ್ಪಿಯ ಗಂಗವ್ವನನ್ನು. ನಮ್ಮ ಗುಳಿಗೆ ಹಿಡಿದ ಮೇಲೆ ಎರಡು ವರ್ಷದಿಂದ ಆರಾಮಾಗಿ ರಾಶಿಗೆ ಹೋಗುತ್ತಿದ್ದ ಹೆಣ್ಣುಮಗಳು. ಸ್ಕಿನ್ ಪ್ರಿಕ್ ಟೆಸ್ಟ್ ಅಂದರೆ ಮುಂಗೈ ಮೇಲೆ ದ್ರಾವಣದ ಹನಿಯಿಟ್ಟು ಸೂಜಿಯಿಂದ ಮೆಲ್ಲಗೆ ಚುಚ್ಚುವುದು. ಅಲರ್ಜಿ ಇದ್ದರೆ ಹದಿನೈದು ನಿಮಿಷದಲ್ಲಿ ಗುಳ್ಳೆ ಏಳುತ್ತದೆ. ಆದರೆ ಅಲರ್ಜಿ ತಡೆಯುವ ಆಂಟಿಹಿಸ್ಟಮಿನ್ ಗುಳಿಗೆಯನ್ನು ಒಂದು ವಾರ ಮೊದಲೇ ನಿಲ್ಲಿಸಿರಬೇಕು, ಇಲ್ಲದಿದ್ದರೆ ಗುಳ್ಳೆ ಏಳುವುದಿಲ್ಲ.

“ಗಂಗವ್ವಾ, ನಾ ಹೇಳೂತನಕ ಈ ಗುಳಿಗಿ ಮುಟ್ಟಬ್ಯಾಡವಾ,” ಎಂದೆ.

“ಆತ್ರಿ ಸಾಹೇಬ್ರ,” ಎಂದಳು.

ಆರನೇ ದಿನ ಪತ್ರ ಬಂತು: ಸಮಿತಿಯ ಭೇಟಿ ಎರಡು ವಾರ ಮುಂದಕ್ಕೆ. ವರದಿ ತಿದ್ದಲು ಸಮಯ ಸಿಕ್ಕಿತೆಂದು ನನಗೆ ಖುಷಿಯೇ ಆಯಿತು. ಬೆಂಬಲ ಪತ್ರಗಳಿಗಾಗಿ ಹುಬ್ಬಳ್ಳಿ, ಧಾರವಾಡ ಅಲೆದೆ. ಗಂಗವ್ವನಿಗೆ ತಾರೀಖು ಮುಂದೆ ಹೋಗಿದೆ ಎಂದಷ್ಟೇ ಫೋನ್ ಮಾಡಿಸಿದೆ. ಅಲ್ಲಿಯವರೆಗೆ ಗುಳಿಗೆ ತೆಗೆದುಕೋ ಎಂದು ಹೇಳಿಸಲಿಲ್ಲ. ಮರೆತೆ. ಇದಕ್ಕಿಂತ ದೊಡ್ಡ ಶಬ್ದ ಹುಡುಕಿದರೆ ಅದು ನೆಪವಾಗುತ್ತದೆ.

ಸಮಿತಿ ಬರುವ ದಿನ ಗಂಗವ್ವ ಮುಖದ ತುಂಬ ಸೆರಗು ಹೊದ್ದು ಬಂದಳು. ಸೆರಗು ಸರಿಸಿದಾಗ ಕಣ್ಣುಗಳು ಎರಡು ಗೆರೆಗಳಾಗಿ ಉಳಿದಿದ್ದವು. ಕೈಯಲ್ಲಿ ಬಳೆ ಇರಲಿಲ್ಲ. ಕೆಟ್ಟದ್ದೇನೋ ಆಗಿದೆ ಅಂದುಕೊಂಡು ಕೇಳಿದೆ:

“ಮನ್ಯಾಗ ಯಜಮಾನ್ರು ಆರಾಮ ಅದಾರಿಲ್ಲೋ?”

“ಆರಾಮ ಅದಾರ್ರಿ. ದನಕ್ಕ ಅಂತ ಹೊಟ್ಟು ಮನಿಗೆ ತುಂಬಿದ್ರು. ಕೈ ಬಾತು ಬಳಿ ತಗಸಬೇಕಾತ್ರಿ. ರೊಟ್ಟಿ ಬಡಿಯಾಕೂ ಬರವಲ್ದು.”

“ಗುಳಿಗಿ ತಗೊಳ್ಳಿಲ್ಲೇನವಾ?”

“ದೇವರ ಜಗಲಿ ಮ್ಯಾಲ ಇಟ್ಟೇನ್ರಿ. ಅಲ್ಲಿ ಇಟ್ಟದ್ದನ್ನ ನಮ್ಮ ಮನ್ಯಾಗ ಯಾರೂ ಮುಟ್ಟಂಗಿಲ್ಲ. ನಮ್ಮತ್ತಿ ತಗೋ ತಗೋ ಅಂತ ಗಂಟುಬಿದ್ರು. ನಾನಾ ಒಲ್ಲೆ ಅಂದ್ನಿ. ನೀವು ಹೇಳಿದ್ದಿಲ್ಲಲ್ರಿ.”

ಆ ಕ್ಷಣವೇ ಇಂಜೆಕ್ಷನ್ ಕೊಡಬೇಕಿತ್ತು. ಆದರೆ ಸಮಿತಿಯ ಕಾರು ಗೇಟಿನೊಳಗೆ ಬಂದಿತ್ತು. ನಾನು ಏನು ಮಾಡಿದೆ? “ಅರ್ಧಾ ತಾಸು ತಡಿಯವಾ,” ಎಂದೆ. ಇಂಜೆಕ್ಷನ್ ಕೊಟ್ಟರೆ ಸಮಿತಿಗೆ ತೋರಿಸಲು ಗುಳ್ಳೆ ಏಳುತ್ತಿರಲಿಲ್ಲ.

ಸೂಜಿ ಚುಚ್ಚಲು, ದದ್ದು ತುಂಬಿದ್ದ ಅವಳ ಮುಂಗೈಯಲ್ಲಿ ಜಾಗವೇ ಇರಲಿಲ್ಲ. ಬೇಕಾಗಲೂ ಇಲ್ಲ. ಬೆಂಗಳೂರಿನಿಂದ ಬಂದಿದ್ದ ಅಧ್ಯಕ್ಷರು ಆ ಮುಖ ನೋಡಿಯೇ ಗಾಬರಿಯಾದರು.

“ನಿಮಗೆ ಮಾತ್ರೆ ಕೊಟ್ಟಿಲ್ವಾಮ್ಮ?”

ಗಂಗವ್ವ ನನ್ನ ಕಡೆ ತಿರುಗಿದಳು. ನಾನು ಕೈಯಲ್ಲಿದ್ದ ಕಾಗದ ನೋಡಿದೆ.

“ಕೊಟ್ಟಾರ್ರಿ,” ಎಂದಳು. “ನಾನಾ ತಗೊಂಡಿಲ್ರಿ.”

“ನೋಡಿ ಡಾಕ್ಟ್ರೇ, ಇದೇ ಸಮಸ್ಯೆ. ಕೊಟ್ರೂ ತಗೊಳ್ಳಲ್ಲ,” ಎಂದರು ಅಧ್ಯಕ್ಷರು. ನಾನು ತಲೆಯಾಡಿಸಿದೆ. ಥೂ, ಆ ತಲೆಯಾಡಿಸಿದ್ದು!

ಕಾರು ಹೋದ ಮೇಲೆ ಇಂಜೆಕ್ಷನ್ ಕೊಟ್ಟೆ. ಮುಂದಿನ ಬೆಂಚಿನ ಮೇಲೆ ಕೂತು ಅವಳು ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಿದ್ದಳು. ಬಾವು ಇಳಿಯುತ್ತ ಬಂದಾಗ, “ತಪ್ಪು ನಂದವಾ, ಅವರ ಮುಂದ ಹೇಳಬೇಕಿತ್ತು,” ಎಂದೆ.

“ಇರ್ಲಿ ಬಿಡ್ರಿ. ದವಾಖಾನಿ ಮುಚ್ಚಿದ್ರ ಮುಂದ ನಾವು ಎಲ್ಲಿ ಹೋಗೂಣ್ರಿ?” ಎಂದಳು. ಸೆರಗು ಸರಿಮಾಡಿಕೊಂಡು ಎದ್ದು ನಿಂತು ಕೇಳಿದಳು: “ಮತ್ತ, ಗುಳಿಗಿ ಜಗಲಿ ಮ್ಯಾಲಿಂದ ಇನ್ನ ತಗೀಲೇನ್ರಿ?”

ಇನ್ನೂ ನನ್ನ ಅಪ್ಪಣೆ ಕೇಳುತ್ತಿದ್ದಳು.

ಅನುದಾನ ಉಳಿಯಿತು. ಇಂಥ ಸಂಶೋಧನೆಗೆ ಸರ್ಕಾರವೇ ಹಣ ಕೊಡಬೇಕು ಎಂದು ಈಗಲೂ ಯಾರ ಮುಂದೆ ಬೇಕಾದರೂ ಜಗಳಕ್ಕೆ ನಿಲ್ಲುತ್ತೇನೆ. ಗುಳಿಗೆ ನಿಲ್ಲಿಸಲು ಹೇಳಿದವನು ಮತ್ತೆ ಶುರು ಮಾಡುವ ದಿನವನ್ನೂ ಅದೇ ಚೀಟಿಯಲ್ಲಿ ಬರೆಯಬೇಕು: ವೃತ್ತಿ ನನಗೆ ಕಲಿಸಿದ್ದು ಇದು, ಅದೂ ಗಂಗವ್ವನ ಮೈಮೇಲೆ. ಸಮಿತಿಯ ವರದಿಯಲ್ಲಿ ಒಂದು ಸಾಲಿದೆ: ರೋಗಿಗಳ ಅಜ್ಞಾನದಿಂದ ಈ ಭಾಗದಲ್ಲಿ ರೋಗ ಉಲ್ಬಣಿಸುತ್ತಿದೆ. ಒಪ್ಪಿದೆ ಎಂದು ಅದರ ಕೆಳಗೆ ಸಹಿ ಮಾಡಿದವನು ನಾನೇ.