ಹಿಡಿಯಕ್ಕಿಯ ರಾಜೀಮತಮ್ಮ

ಭತ್ತದ ಮಿಲ್ಲಿನ ಗುಮಾಸ್ತನಾದ ನನಗೆ ಸಂಬಳ ಕಡಿಮೆ, ಅನುಮಾನ ಧಾರಾಳ. ಚೀಲ ಹೊತ್ತವರೆಲ್ಲ ಕಳ್ಳರಂತೆಯೇ ಕಾಣುತ್ತಿದ್ದರು. ಹಾಗಾಗಿ ರಾಜೀಮತಮ್ಮನವರ ಮೇಲೂ ಕಣ್ಣು ಬಿತ್ತು.

ಅವರು ನಮ್ಮ ಚನ್ನರಾಯಪಟ್ಟಣದ ಜೈನರ ಮನೆಯ ವಯಸ್ಸಾದ ವಿಧವೆ. ಬಡ ಹುಡುಗರ ಉಚಿತ ಹಾಸ್ಟೆಲಿಗೆಂದು ಊರಿನ ಹೆಂಗಸರು ದಿನವೂ ಒಂದು ಹಿಡಿ ಅಕ್ಕಿ ತೆಗೆದಿಡುತ್ತಿದ್ದರು. ಅದನ್ನು ಮನೆಮನೆಯಿಂದ ಕೂಡಿಸಿ ತರುವುದು ಇವರ ಕೆಲಸ. ಆದರೆ ಚೀಲ ಮೊದಲು ಹೋಗುತ್ತಿದ್ದುದು ಇವರದೇ ಮನೆಗೆ.

"ಅರ್ಧ ಅಲ್ಲೇ ಇಳೀತದೆ ಕಣ್ಲಾ," ಎಂದರು ಹಾಸ್ಟೆಲ್ ಕಮಿಟಿಯ ಕೆಂಪಣ್ಣ. "ಓಗಿ ನೋಡ್ಕೊಂಡ್ ಬಾ. ದಿಟವಾದ್ರೆ ನಾಳೀಕೇ ಚೀಲ ಕಿತ್ಕತೀನಿ."

ಜೈನರ ಊಟ ಹೊತ್ತು ಮುಳುಗುವ ಮುಂಚೆ. ಸಮಯ ನೋಡಿಯೇ ಹೋದೆ. ತಟ್ಟೆಯ ಅನ್ನದಲ್ಲಿ ಕೆಂಪಕ್ಕಿ, ಬಿಳಿಯಕ್ಕಿ, ನುಚ್ಚು ಎಲ್ಲ ಬೆರೆತಿದ್ದವು. ಹತ್ತಾರು ಮನೆಯ ಅಕ್ಕಿ! ಸಿಕ್ಕಿಬಿದ್ದರು ಎಂದು ಹಿಗ್ಗಿದೆ.

"ಇದು ಹಾಸ್ಟೆಲಿನ ಅಕ್ಕಿಯಲ್ಲವೇನಮ್ಮ?"

"ಹೌದಪ್ಪ. ಕೂತ್ಕೊ, ನೀನೂ ಉಣ್ಣು," ಎಂದು ಬಡಿಸಿಯೇಬಿಟ್ಟರು. ತುತ್ತಿನಲ್ಲಿ ಅರ್ಧ ಅಂಬಲಿ, ಅರ್ಧ ಕಲ್ಲು.

"ನೋಡ್ದ್ಯಾ? ಬೆರಕೆ ಅಕ್ಕಿ ಒಂದೇ ಸಮ ಬೇಯಲ್ಲ. ಮಕ್ಳು ಹೊಟ್ಟೆನೋವು ಅಂತ ಸ್ಕೂಲಿಗೇ ಹೋಗ್ತಿರ್ಲಿಲ್ಲ. ಅದಕ್ಕೇ ಇದನ್ನ ನಾನಿಟ್ಕೊಂಡು, ನಮ್ಮ ಗದ್ದೆ ಅಕ್ಕೀನ ಅಷ್ಟೇ ಅಳೆದು ಕೊಡ್ತೀನಿ."

ಹಾಗೆಂದು ನಂಬಿಬಿಡುವವನೇ ನಾನು? ಹಾಸ್ಟೆಲಿನ ಅಡಿಗೆಯವನನ್ನೂ ವಿಚಾರಿಸಿದೆ. ಮಾತು ನಿಜವಾಗಿತ್ತು.

ಹೋಗಿ ಕೆಂಪಣ್ಣನವರಿಗೆ ಅದನ್ನೇ ಬಿಡಿಸಿ ಹೇಳಿದೆ. ಚೀಲ ರಾಜೀಮತಮ್ಮನವರ ಹೆಗಲಲ್ಲೇ ಉಳಿಯಿತು. ಕೆಂಪಣ್ಣನವರು ಮಾತ್ರ ನನ್ನನ್ನೇ ದಿಟ್ಟಿಸಿದರು:

"ಇಷ್ಟು ವಹಿಸ್ಕೊಂಡ್ ಮಾತಾಡ್ತೀಯಲ್ಲ, ನಿಂಗೂ ಪಾಲು ಕೊಟ್ಳೇನ್ಲಾ?"

ಕೊಟ್ಟಿದ್ದರು. ಅದಕ್ಕೇ ಇನ್ನೂ ಹೊಟ್ಟೆ ಹಿಡಿದುಕೊಂಡು ನಿಂತಿದ್ದೆ.