ಮಾಸ್ಕಿನ ಮೇಲಿನ ಎಣ್ಣೆ ಗುರುತು

ಫ್ಲೂ ಇಂಜೆಕ್ಷನ್ನಿಗೆ ಹೊರಡುವ ಮುನ್ನ ಮೊನ್ನೆ ಡ್ರಾಯರ್ ತಡಕಿದಾಗ ಬಿಳಿ ಬಟ್ಟೆಯ ಮಾಸ್ಕೊಂದು ಸಿಕ್ಕಿತು. ಅಂಚಿನಲ್ಲಿ ಕಪ್ಪು ಹೆಬ್ಬೆರಳಿನ ಗುರುತು. ಮೂಗಿನ ಬಳಿ ಹಿಡಿದೆ. ಮಗ್ಗದ ಎಣ್ಣೆಯ ವಾಸನೆ ಇನ್ನೂ ಇತ್ತು…

ಆ ಗುರುತು ಬಿಟ್ಟವರು ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಪಕ್ಕದ ಮನೆಯವರು. ನಾನು ಮಗ್ಗದಕ್ಕ ಎನ್ನುತ್ತಿದ್ದೆ. ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದ ನಾನು ಅವರಿಗೆ ಮಿಸ್ಸು. ಮನೆಯ ಮುಂಭಾಗದಲ್ಲೇ ಎರಡು ಪವರ್‌ಲೂಮ್. ಆ ಸದ್ದಿನಲ್ಲಿ ಮನೆಯವರೆಲ್ಲ ಕಿವಿಗೆ ಬಾಯಿಟ್ಟೇ ಮಾತಾಡುವುದು. ನೂಲಿನ ಧೂಳು ಕುಡಿದೂ ಕುಡಿದೂ ಅವರಿಗೆ ದಮ್ಮು ಬೇರೆ ಇತ್ತು.

ಒಂದು ಚಳಿಗಾಲ ನನಗೆ ಫ್ಲೂ ಬಂದಾಗ ದಿನಾ ಬೆಳಿಗ್ಗೆ ಬಾಗಿಲಲ್ಲಿ ಫ್ಲಾಸ್ಕ್ ಇಟ್ಟು ಹೋಗುತ್ತಿದ್ದರು. ಮೆಣಸಿನ ಸಾರು. ನಾಲ್ಕನೇ ದಿನ ಜ್ವರ ಬಿಟ್ಟಿತು. ಬಿಟ್ಟ ಮೇಲೂ ಒಂದೆರಡು ದಿನ ಯಾರ ಹತ್ತಿರವೂ ಹೋಗಬೇಡಿ ಎಂದು ಡಾಕ್ಟರು ಸ್ಟ್ರಿಕ್ಟಾಗಿ ಹೇಳಿದ್ದರು. ಕರ್ಚೀಫು ಅಡ್ಡ ಹಿಡಿಯದೆ ಕೆಮ್ಮಿದರೆ ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಎಲ್ಲ ಗೊತ್ತಿತ್ತು ನನಗೆ. ಆದರೂ ಫ್ಲಾಸ್ಕ್ ಕೊಟ್ಟು, ಜಸ್ಟ್ ಟೂ ಮಿನಿಟ್ಸ್, ಥ್ಯಾಂಕ್ಸ್ ಹೇಳಿ ಬರೋಣವೆಂದು ಈ ಮಾಸ್ಕ್ ಹಾಕಿಕೊಂಡು ಹೋದೆ.

ಮಗ್ಗದ ಸದ್ದಿನಲ್ಲಿ ನಾನು ಹೇಳಿದ್ದು ಅವರಿಗೆ ಕೇಳಿಸಲಿಲ್ಲ. "ಎತ್ತಿಗಾಕ್ದಂಗೆ ಬಾಯ್ಗೆ ಕುಕ್ಕೆ ಹಾಕ್ಕೊಂಡ್ರೆ ಏನ್ ಕೇಳ್ಸುತ್ತೆ ಮಿಸ್ಸು?" ನಗುತ್ತ, ಎಣ್ಣೆ ಕೈಯಲ್ಲೇ ನನ್ನ ಮಾಸ್ಕ್ ಕೆಳಗೆಳೆದು ಕಿವಿ ಕೊಟ್ಟರು. ಬಾಗಿ ಹೇಳಿದೆ. ನಡುವೆ ಕೆಮ್ಮು ಬಂತು…

ಮೂರನೇ ದಿನ ಅವರಿಗೆ ಜ್ವರ. ಬರೀ ನೆಗಡಿಯೆಂದುಕೊಂಡು, ಸೀರೆ ಮುಗಿಯಲೆಂದು ಮಗ್ಗ ಬಿಡಲಿಲ್ಲ. ಗೋಡೆಯಾಚೆ ಸದ್ದು ಕೇಳುತ್ತಿತ್ತಲ್ಲ, ಚೆನ್ನಾಗಿದ್ದಾರೆ ಅಂದುಕೊಂಡೆ ನಾನು. ಉಸಿರು ಕಟ್ಟಿದ ಮೇಲೆ ಆಸ್ಪತ್ರೆ. ದಮ್ಮಿರುವವರನ್ನು ಮೊದಲ ದಿನವೇ ಕರೆತರಬೇಕಿತ್ತು, ಆಗ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿತ್ತು ಎಂದರಂತೆ ಅಲ್ಲಿ.

ನೋಡಲು ಹೋದೆ. ಸದ್ದೇ ಇಲ್ಲದ ಆ ವಾರ್ಡಿನಲ್ಲೂ ಹತ್ತಿರ ಬನ್ನಿ ಎಂದು ಸನ್ನೆ ಮಾಡಿದರು. ಕಿವಿಯಿಟ್ಟೆ.

"ಫ್ಲಾಸ್ಕಿನ ಮುಚ್ಚಳ ನಿಮ್ಮತ್ರಾನೇ ಐತೆ ಮಿಸ್ಸು."

ಅಷ್ಟೇ. ಎರಡು ದಿನಕ್ಕೆ ಹೋಗಿಬಿಟ್ಟರು. ಮುಚ್ಚಳ ಇನ್ನೂ ನನ್ನ ಅಡುಗೆಮನೆಯಲ್ಲೇ ಇದೆ…

ಮೊನ್ನೆ ಅವರ ಸೊಸೆಯನ್ನೂ ಇಂಜೆಕ್ಷನ್ನಿಗೆ ಕರೆಯಲು ಹೋದೆ. ಮಾಸ್ಕ್ ಹಾಕಿಕೊಂಡು ಹೊಸ್ತಿಲಾಚೆಯೇ ನಿಂತೆ. "ಒಂದ್ನಿಮ್ಷ ಮಿಸ್ಸು" ಎಂದವಳೇ ಮಗ್ಗದ ಪಕ್ಕದ ಸ್ವಿಚ್ ಆರಿಸಿದಳು. ಎರಡೂ ಮಗ್ಗ ನಿಂತವು. ಅಷ್ಟು ದೂರದಿಂದ, ಮಾಸ್ಕಿನೊಳಗಿಂದಲೇ ಆಡಿದ ನನ್ನ ಮಾತು ಅವಳಿಗೆ ಪೂರ್ತಿ ಕೇಳಿಸಿತು.

ಆ ಸ್ವಿಚ್ ಅವತ್ತೂ ಅಲ್ಲೇ ಇತ್ತು… ನಾನು ಬಾಗಿ ನಿಂತಿದ್ದ ಜಾಗದಿಂದ ಕೈಗೆಟುಕುವಷ್ಟು ಹತ್ತಿರ.